ಮಧ್ಯಪದಕ್ಕೊಂದು ಎಲೆ

ಮಿಶ್ರಿ ಹುರಿಯುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೆ ನೀವು ನಿಪ್ಪಾಣಿಯ ಕಡೆಯವರೇ ಆಗಿರಬೇಕು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಹಾಕಿ ಕರ್ರಗಾಗುವ ತನಕ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಅದರಿಂದ ಹಲ್ಲು ಉಜ್ಜುತ್ತಾರೆ ನಮ್ಮ ಕಡೆಯ ಹೆಂಗಸರು. ಬೆಳಗ್ಗೆ ಒಮ್ಮೆ ಹಲ್ಲಿಗಾಗಿ, ಆಮೇಲೆ ದಿನವಿಡೀ ಮನಸ್ಸಿಗಾಗಿ. ಅದರ ಹೊಗೆ ಮೊದಲು ಮೂಗಿಗೆ ಬಂದು, ಆಮೇಲೆ ಗಂಟಲಿಗೆ ಇಳಿದು, ಕೊನೆಗೆ ಕಣ್ಣಿಗೆ ಹತ್ತುತ್ತದೆ. ಮೊನ್ನೆ ಮಹಾನವಮಿ ಅಮಾವಾಸ್ಯೆಗೆಂದು ಅಥಣಿಯಿಂದ ತವರಿಗೆ ಹೋದಾಗ, ನಮ್ಮ ಓಣಿಗೆ ಹೊರಳುವ ತಿರುವಿನಲ್ಲಿ ಯಾವುದೋ ಮನೆಯ ಹಿತ್ತಲಿನಿಂದ ಆ ಹೊಗೆ ಬಂತು. ಕೈಯಲ್ಲಿ ಚೀಲ ಹಿಡಿದುಕೊಂಡು ನಡುದಾರಿಯಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಬೈಕಿನವನು, "ಏ ಮಾವಶಿ, ಬಾಜೂಕ ಸರೀರಿ" ಎಂದು ಕೂಗಿದ. ಸರಿದೆ. ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೆ ಬಂತೆಂದು ಹೇಳಿಕೊಳ್ಳಬಹುದಿತ್ತು, ಆದರೆ ಅಷ್ಟು ದೂರದ ಹೊಗೆಗೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ. ನನಗೆ ಶೇವಂತಿ ಅತ್ತಿ ನೆನಪಾಗಿದ್ದಳು. ಅವಳು ನೆನಪಾದಾಗಲೆಲ್ಲ ನನಗೆ ಮೊದಲು ನಾಚಿಕೆಯಾಗುತ್ತದೆ, ದುಃಖ ಅದರ ಹಿಂದಿನಿಂದ ಬರುತ್ತದೆ.

ಶೇವಂತಿ ಅತ್ತಿ ಅಪ್ಪನಿಗೆ ಅಕ್ಕ, ದೊಡ್ಡಪ್ಪನಿಗೆ ತಂಗಿ. ಮೂವರಲ್ಲಿ ನಡುವಿನವಳು. ಮುಗಳಖೋಡಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ ಮೇಲೆ ಒಂದು ತಗಡಿನ ಟ್ರಂಕು ಹಿಡಿದುಕೊಂಡು ತವರಿಗೆ ಮರಳಿದವಳು. ಅವಳು ಬಂದಾಗ ನಮ್ಮದು ಒಂದೇ ಮನೆ, ಒಂದೇ ಒಲೆ. ದೊಡ್ಡಪ್ಪ ತಂಬಾಕಿನ ವಖಾರಿ ಇಟ್ಟಿದ್ದ. ಅವನ ಮೈ, ಅಂಗಿ, ಅವನು ಕೊಡುವ ಪೆಪ್ಪರಮೆಂಟು ಎಲ್ಲವೂ ತಂಬಾಕು ನಾರುತ್ತಿದ್ದವು. ಅಪ್ಪ ದಿನಾ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋಗಿ ಅಲ್ಲಿಯ ಕಾಲೇಜಿನ ಹುಡುಗರಿಗೆ ತರ್ಕಶಾಸ್ತ್ರ ಕಲಿಸುತ್ತಿದ್ದ. ತರ್ಕ ಅವನಿಗೆ ಹೊಟ್ಟೆಪಾಡಷ್ಟೇ ಆಗಿದ್ದರೆ ನಮ್ಮ ಮನೆ ಉಳಿಯುತ್ತಿತ್ತೋ ಏನೋ. ಅವನು ಅದನ್ನು ಮನೆಗೂ ತರುತ್ತಿದ್ದ. ಅವ್ವ "ಇವತ್ತ ಮಳಿ ಬರೂಹಂಗ ಐತಿ" ಅಂದರೆ, "ಏನ ಆಧಾರ?" ಎಂದು ಕೇಳುವ ಪೈಕಿ.

ಅಜ್ಜ ತೀರಿಕೊಂಡ. ದಿವಸದ ಊಟಕ್ಕೆ ಬೀಗರು ನೆಂಟರು ಪಂಕ್ತಿಯಲ್ಲಿ ಕುಳಿತಿದ್ದರು. ದೊಡ್ಡಪ್ಪ ತುತ್ತು ಕೈಯಲ್ಲಿ ಹಿಡಿದು ಬಿಕ್ಕಿದ. "ಅಪ್ಪ ವರ್ಷಾ ತಪ್ಪದ ಚಿಂಚಲಿ ಮಾಯಕ್ಕನ ಜಾತ್ರಿಗೆ ಹೋಗತಿದ್ದ. ಈ ಸಲ ಹೋಗಲಿಲ್ಲ. ಅದಕ್ಕ ತಾಯಿ ಕರಕೊಂಡಳು." ಎದುರಿನ ಎಲೆಯಲ್ಲಿದ್ದ ಅಪ್ಪ ತಲೆಯೆತ್ತದೆ ಹೇಳಿದ: "ಹೋದವರೂ ಸಾಯ್ತಾರ ಅಣ್ಣಾ, ಹೋಗಲಾರದವರೂ ಸಾಯ್ತಾರ. ಇದು ತರ್ಕಕ್ಕ ನಿಂದ್ರೂದಿಲ್ಲ." ಅಪ್ಪ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಅಳುವವನ ಬಾಯಿಂದ ಬಂದ ಮಾತನ್ನು ತೂಗುವವರು ಯಾರು? ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಎಲೆಯನ್ನು ಅರ್ಧಕ್ಕೇ ಮಡಚಿ ಎದ್ದ. ಆವತ್ತಿನಿಂದ ಅಣ್ಣತಮ್ಮಂದಿರು ಮಾತು ಬಿಟ್ಟರು.

ಮನೆ ಎರಡಾಯಿತು. ಅಂಗಳಕ್ಕೆ ಗೋಡೆ ಬಂತು, ಪಡಸಾಲೆಗೆ ಬಂತು, ಹಿತ್ತಲಿಗೂ ಬಂತು. ನಡುಮನೆಗೆ ಮಾತ್ರ ಗೋಡೆ ಹಾಕಲಾಗಲಿಲ್ಲ. ಅಲ್ಲಿ ದೇವರ ಜಗಲಿಯಿತ್ತು, ಅಜ್ಜಿಯ ಬೀಸುವ ಕಲ್ಲು ನೆಲದಲ್ಲಿ ಹೂತು ಕುಳಿತಿತ್ತು. ದೇವರನ್ನು ಅರ್ಧ ಮಾಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಹೀಗಾಗಿ ಆ ಕತ್ತಲೆ ಕೋಣೆ ಇಬ್ಬರದೂ ಆಗಿ ಉಳಿಯಿತು, ದೊಡ್ಡಪ್ಪನ ಕಡೆಗೊಂದು ಬಾಗಿಲು, ನಮ್ಮ ಕಡೆಗೊಂದು ಬಾಗಿಲು. ಅತ್ತಿಯ ಟ್ರಂಕನ್ನೂ ಅಲ್ಲಿಯೇ ಇಟ್ಟರು, ಯಾಕೆಂದರೆ ಅವಳು ಯಾರ ಪಾಲಿಗೆ ಎಂಬುದನ್ನೂ ಯಾರೂ ಹೇಳಲಿಲ್ಲ. ಮಧ್ಯಾಹ್ನ ಆ ಕಡೆ ಉಣ್ಣುತ್ತಿದ್ದಳು, ರಾತ್ರಿ ಈ ಕಡೆ. ದೊಡ್ಡವ್ವ ಮರಾಠಿ ಸೀಮೆಯ ಕಾಗಲದ ಕಡೆಯವಳಾದ್ದರಿಂದ ಆ ಕಡೆಯ ಮಕ್ಕಳಿಗೆ ಅವಳು ಆತ್ಯಾ, ನಮಗೆ ಅತ್ತಿ. ಆ ಕಡೆ ಮರಾಠಿಯಲ್ಲಿ ಬೈಸಿಕೊಂಡು ಬಂದು ಈ ಕಡೆ ಕನ್ನಡದಲ್ಲಿ ನಗುತ್ತಿದ್ದಳು. ಅವಳ ಮಿಶ್ರಿಗೂ ಎರಡು ಮನೆ ಬೇಕಾಗುತ್ತಿತ್ತು. ತಂಬಾಕು ದೊಡ್ಡಪ್ಪನ ವಖಾರಿಯದು, ಹಂಚೂ ಒಲೆಯೂ ನಮ್ಮವು.

ಮಾತು ಬಿಟ್ಟವರು ಸುಮ್ಮನಿರುತ್ತಾರೆ ಎಂದು ತಿಳಿದವರು ಒಂದೇ ಮಾಡಿನ ಕೆಳಗಿನ ಅಣ್ಣತಮ್ಮಂದಿರನ್ನು ನೋಡಿಲ್ಲ. ನಳದ ನೀರು, ಸೋರುವ ಹೆಂಚು, ಲೈಟಿನ ತಂತಿ, ಒಬ್ಬರ ಎಮ್ಮೆ ಇನ್ನೊಬ್ಬರ ಬಾಗಿಲಲ್ಲಿ ಸಗಣಿ ಹಾಕಿದ್ದು, ಹೀಗೆ ಮೊದಲಿಗಿಂತ ಹೆಚ್ಚು ಮಾತಾಡುವ ಪ್ರಸಂಗಗಳೇ ಬಂದವು. ಎಲ್ಲವೂ ಅತ್ತಿಯ ಮೂಲಕ ನಡೆಯಬೇಕಿತ್ತು. ನಡುಮನೆಗೊಂದು ನೇಮವಿತ್ತು. ಎರಡೂ ಬಾಗಿಲು ಒಟ್ಟಿಗೇ ತೆರೆದಿರಬಾರದು. ದೊಡ್ಡಪ್ಪ ತನ್ನ ಬಾಗಿಲಲ್ಲಿ ನಿಂತು ಹೇಳಬೇಕಾದ್ದನ್ನು ಹೇಳುತ್ತಿದ್ದ. ಅತ್ತಿ ಆ ಬಾಗಿಲು ಮುಚ್ಚಿ, ಅಗುಳಿ ಹಾಕಿ, ಕತ್ತಲಲ್ಲಿ ಒಂದು ಕ್ಷಣ ನಿಂತು, ಆಮೇಲೆ ನಮ್ಮ ಬಾಗಿಲು ತೆರೆಯುತ್ತಿದ್ದಳು. ಆ ಒಂದು ಕ್ಷಣದಲ್ಲಿ ಏನು ನಡೆಯುತ್ತಿತ್ತೆಂದು ನನಗೆ ಗೊತ್ತು, ಯಾಕೆಂದರೆ ಬೀಸುವ ಕಲ್ಲಿನ ಹತ್ತಿರ ಕುಳಿತು ಅತ್ತಿ ಕೊಡುವ ಹುರಿದ ಶೇಂಗಾ ತಿನ್ನುವುದು ನನ್ನ ಸಂಜೆಯ ಕೆಲಸವಾಗಿತ್ತು. ಎರಡೂ ಬಾಗಿಲಿನ ಮಾತು ನನ್ನ ಕಿವಿಗೆ ಬೀಳುತ್ತಿತ್ತು.

"ಆ ಮಾಸ್ತರಗ ಹೇಳು ಶೇವಂತಿ, ಇನ್ನೊಮ್ಮೆ ನನ್ನ ಬಾಗಲದಾಗ ಸೈಕಲ್ ಹಚ್ಚಿದ್ರ ಎತ್ತಿ ಗಟಾರಕ್ಕ ಒಗೀತೀನಿ" ಎಂದು ದೊಡ್ಡಪ್ಪ ಗುಡುಗುತ್ತಿದ್ದ. ಬಾಗಿಲು ಮುಚ್ಚುತ್ತಿತ್ತು, ಬಾಗಿಲು ತೆರೆಯುತ್ತಿತ್ತು. "ತಮ್ಮಾ, ಸೈಕಲ್ ಒಳಗ ತಗೋ ಅಂತಾನ ಅಣ್ಣ. ಹೊರಗ ಹುಡುಗರು ಗಾಳಿ ಬಿಡತಾವಂತ." ಅಪ್ಪ ಪುಸ್ತಕದಿಂದ ಕಣ್ಣು ತೆಗೆಯದೆ, "ನನ್ನ ಚಿಂತಿ ಅವಗ ಬ್ಯಾಡಂತ ಹೇಳು" ಎನ್ನುತ್ತಿದ್ದ. ಮತ್ತೆ ಬಾಗಿಲು, ಮತ್ತೆ ಬಾಗಿಲು. "ಅಣ್ಣ ಹೇಳೂದು ಖರೇ ಐತಿ ಅಂದ್ನಪಾ." ದೊಡ್ಡಪ್ಪ "ಹೂಂ" ಅನ್ನುತ್ತಿದ್ದ, ಆ ಹೂಂಕಾರದಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ, ಅತ್ತಿಯದೇ ಸೆರಗು. ಅವಳು ನನ್ನ ತಲೆಗೆ ಮೆಲ್ಲಗೆ ಮೊಟಕಿ, "ನಗಬ್ಯಾಡ ಬಾಳಾ, ಹಲ್ಲ ಕಾಣತಾವ" ಎನ್ನುತ್ತಿದ್ದಳು. ಬೈಗುಳವನ್ನು ಅವಳು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಒಯ್ದದ್ದು ನಾನು ಒಮ್ಮೆಯೂ ಕೇಳಲಿಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ಇದ್ದರೆ, ಅವರು ಹೋದ ಮೇಲೆಯೇ ನಿಮಗೂ ಗೊತ್ತಾಗಿರುತ್ತದೆ.

ಸಂಜೆ ನಮ್ಮ ಪಡಸಾಲೆಯಲ್ಲಿ ಕಾಲೇಜಿನ ಹುಡುಗರು ಟ್ಯೂಷನ್ನಿಗೆ ಬರುತ್ತಿದ್ದರು. ಅಪ್ಪನ ದೊಡ್ಡ ಪ್ರೀತಿ ಮಧ್ಯಪದದ ಮೇಲೆ. ತಂಬಾಕಿನ ಎಲೆಯೊಂದನ್ನು ಕೈಯಲ್ಲಿ ಹಿಡಿದು ಪಾಠ ಶುರು ಮಾಡುತ್ತಿದ್ದ. "ನಿಪ್ಪಾಣಿಯ ಎಲಿ ಎಲ್ಲಾ ಘಾಟು. ಇದು ನಿಪ್ಪಾಣಿಯ ಎಲಿ. ಅಂದಮ್ಯಾಲ ಇದು ಘಾಟು." ಮೊದಲಿನ ಎರಡು ಆಧಾರವಾಕ್ಯಗಳು, ಕೊನೆಯದು ತೀರ್ಮಾನ. "ಈ ಎಲೀಗೂ ಘಾಟಿಗೂ ಗಂಟ ಹಾಕಿದ್ದು ಯಾವುದು? ನಿಪ್ಪಾಣಿಯ ಎಲಿ ಅನ್ನೂದು. ಎರಡೂ ಆಧಾರದಾಗ ಐತಿ. ತೀರ್ಮಾನದಾಗ ಐತೇನು ನೋಡ್ರಿ. ಇಲ್ಲ. ಅದ ಮಧ್ಯಪದ. ಎರಡೂ ಕಡೆ ಇರಬೇಕು, ಕೂಡಿಸಬೇಕು, ತೀರ್ಮಾನಕ್ಕ ಬರಬಾರದು." ಏಕಸಂಬಿಯಿಂದ ಬರುತ್ತಿದ್ದ ಹುಡುಗನೊಬ್ಬ ಕೇಳಿದ: "ಯಾಕ್ರಿ ಸರ್, ಅದ್ಯಾಕ ಬರಬಾರದು?" ಅಪ್ಪ, "ಅದರ ಕೆಲಸ ಮುಗೀತಲ್ಲೋ" ಎಂದ. ಒಳಗೆ ಒಲೆಯ ಮುಂದೆ ಕುಳಿತು ಮಿಶ್ರಿ ಹುರಿಯುತ್ತಿದ್ದ ಅತ್ತಿ ಹೊಗೆಯಲ್ಲಿ ಕೆಮ್ಮುತ್ತಲೇ ಕೂಗಿದಳು: "ಪಾಪ, ದುಡದದ್ದೆಲ್ಲಾ ಅದ. ಊಟಕ್ಕರ ಕರೀರೋ ಅದನ್ನ. ಅದಕ್ಕೂ ಒಂದ ಎಲಿ ಹಚ್ಚರಿ." ಹುಡುಗರು ಬಿದ್ದು ಬಿದ್ದು ನಕ್ಕರು. ಅಪ್ಪನೂ ನಕ್ಕ. ಅಪ್ಪ ನಗುವುದನ್ನು ಕಂಡು ನನಗೆ ಹೆಮ್ಮೆಯಾಗಿತ್ತು.

ಅದೇ ಪಾಠದ ಮುಂದಿನ ಭಾಗವೂ ನನಗೆ ಬಾಯಿಪಾಠವಿದೆ. ಮಧ್ಯಪದಕ್ಕೆ ಎರಡೂ ಆಧಾರವಾಕ್ಯಗಳಲ್ಲಿ ಒಂದೇ ಅರ್ಥವಿರಬೇಕು. ಇಲ್ಲೊಂದು ಅಲ್ಲೊಂದು ಆದರೆ, ಹೆಸರು ಒಂದೇ ಆದರೂ ಅವು ಎರಡು ಪದಗಳೇ. ಮೂರು ಇರಬೇಕಾದಲ್ಲಿ ನಾಲ್ಕು ಪದಗಳಾಗಿ ಇಡೀ ವಾದ ಕುಸಿಯುತ್ತದೆ. ಅದಕ್ಕೆ ಚತುಷ್ಪದ ದೋಷವೆಂದು ಹೆಸರು. "ನಂಬಿಸಿ ಕುತ್ತಿಗಿ ಕೊಯ್ಯೂದು ಅಂದ್ರ ಇದ" ಎಂದು ಅಪ್ಪ ಎಲೆಯನ್ನು ನೆಲಕ್ಕೆ ಎಸೆಯುತ್ತಿದ್ದ. ಆ ಎಲೆಯನ್ನು ಅತ್ತಿ ಆಮೇಲೆ ಎತ್ತಿಕೊಂಡು ಹಂಚಿನ ಮೇಲೆ ಹಾಕುತ್ತಿದ್ದಳು.

ದೊಡ್ಡಪ್ಪನ ಮಗಳು ಸುರೇಖಾಳಿಗೆ ಕಾಗವಾಡದ ವರ ಗೊತ್ತಾಗುವ ಹೊತ್ತಿಗೆ ನಾನು ಐದನೆಯ ಇಯತ್ತೆ. ಹುಡುಗನ ಕಡೆಯವರು ಮನೆ ನೋಡಲು ಬಂದು ಅಂಗಳದ ಗೋಡೆಯನ್ನೂ ನೋಡಿಕೊಂಡು ಹೋದರು. ಹುಡುಗಿಯ ಕಾಕಾ ಇಷ್ಟು ಹತ್ತಿರ ಇದ್ದು ಸಾಖರಪುಡಿಗೆ, ಅಂದರೆ ನಿಶ್ಚಿತಾರ್ಥಕ್ಕೆ, ಬರದಿದ್ದರೆ ತಮಗೆ ಈ ಸಂಬಂಧ ಬೇಡ ಎಂದು ಹೇಳಿ ಕಳಿಸಿದರು. ಸುರೇಖಾ ಊಟ ಬಿಟ್ಟಳು. ದೊಡ್ಡಪ್ಪ ವಖಾರಿಗೆ ಹೋಗುವುದನ್ನು ಬಿಟ್ಟ. ಆದರೆ ತಮ್ಮನನ್ನು ಕರೆಯಲು ಅವನ ನಾಲಿಗೆ ಏಳಲಿಲ್ಲ, ಕರೆಯದೆ ಹೋಗಲು ಅಪ್ಪನ ಕಾಲು ಏಳಲಿಲ್ಲ. ಒಂದು ಸಂಜೆ ಅತ್ತಿ ನಮ್ಮ ಬಾಗಿಲು ತೆರೆದು ಅಪ್ಪನ ಮುಂದೆ ಕುಳಿತಳು. "ತಮ್ಮಾ, ಅಣ್ಣ ಅತ್ತ. ತಮ್ಮ ಇಲ್ಲದ ಅಕ್ಷತಾ ಹೆಂಗ ಹಾಕ್ಲಿ, ನನ್ನ ತಪ್ಪ ಅಂತ ಹೇಳು ಅಂದ" ಎಂದಳು. ಅಪ್ಪನ ಕೈಯಲ್ಲಿದ್ದ ಪುಸ್ತಕ ಕೆಳಗಿಳಿಯಿತು. ಅವನು ಏನೂ ಅನ್ನಲಿಲ್ಲ. ಬಾಗಿಲು ಮುಚ್ಚಿತು. ಆ ಕಡೆಯ ಬಾಗಿಲು ತೆರೆಯಿತು. "ಅಣ್ಣಾ, ತಮ್ಮ ಅತ್ತ. ದಿವಸದ ದಿನ ಹಂಗ ಅನಬಾರದಿತ್ತು, ಅಣ್ಣನ ಕಾಲ ಹಿಡೀತೀನಿ ಅಂದ." ನಾನು ಶೇಂಗಾ ಬಾಯಲ್ಲಿಟ್ಟುಕೊಂಡು ಜಗಿಯುವುದನ್ನೇ ಮರೆತಿದ್ದೆ. ಅತ್ತಿ ಕತ್ತಲಲ್ಲಿ ಜಗಲಿಯ ಕಡೆ ತಿರುಗಿ ಕೈ ಮುಗಿದಳು, ಆಮೇಲೆ ಎರಡೂ ಬಾಗಿಲುಗಳನ್ನು ಒಟ್ಟಿಗೇ ತೆರೆದು ಸರಿದು ನಿಂತಳು. ಆ ಕೋಣೆಗೆ ಅಷ್ಟು ಬೆಳಕು ಬಿದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆ ಬಾಗಿಲಲ್ಲಿ ದೊಡ್ಡಪ್ಪ, ಈ ಬಾಗಿಲಲ್ಲಿ ಅಪ್ಪ. ಇಬ್ಬರೂ ಅಪ್ಪಿಕೊಂಡು ಗಂಡಸರು ಅಳಬಾರದ ಹಾಗೆ ಅತ್ತರು. ದೊಡ್ಡವ್ವ ಮತ್ತು ಅವ್ವ ಅವರನ್ನು ನೋಡಿ ಅತ್ತರು. ಅತ್ತಿ ಚಹಾಕ್ಕೆ ನೀರಿಟ್ಟಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಸಾಖರಪುಡಿ ಚೆನ್ನಾಗಿ ಆಯಿತು, ಮದುವೆಯ ದಿನ ಗೊತ್ತಾಯಿತು. ಅಣ್ಣತಮ್ಮಂದಿರಿಗೆ ಮಾತಿನ ಹಸಿವು ಹತ್ತಿತ್ತು. ಸಂಜೆಯಾದರೆ ನಡುಮನೆಯಲ್ಲಿ ಚಾಪೆ ಹಾಸಿ ಹಳೆಯದನ್ನೆಲ್ಲ ಬಿಚ್ಚುತ್ತ ಕೂರುತ್ತಿದ್ದರು. ಒಂದು ದಿನ ದೊಡ್ಡಪ್ಪ ನಗುತ್ತ, "ಏನ ಆಗಲಿ, ಕಾಲ ಹಿಡೀತೀನಿ ಅಂದಿಯಲ್ಲ, ಆವತ್ತ ನನ್ನ ಕರಳ ಕಿತ್ತ ಬಂದಂಗಾತು" ಎಂದ. ಅಪ್ಪ ಚಹಾದ ಬಸಿ ಕೆಳಗಿಟ್ಟ. "ನಾ ಎಲ್ಲಿ ಅಂದೆ? ನೀನ ಅತ್ತ ತಪ್ಪಾತು ಅಂದಿದ್ದಿಯಂತಲ್ಲ?" "ನಾನು? ತಪ್ಪಾತು?" ಮೊದಲು ಇಬ್ಬರೂ ನಕ್ಕರು. ಆಮೇಲೆ ಒಂದೊಂದಾಗಿ ತೆಗೆದರು. ಸೈಕಲ್ಲಿನದು, ಹೆಂಚಿನದು, ಎಮ್ಮೆಯದು. ನಗು ಸಣ್ಣದಾಗುತ್ತ ಹೋಯಿತು. ಇಬ್ಬರಿಗೂ ಒಂದೇ ಸಂಗತಿ ಹೊಳೆದಿರಬೇಕು: ತನಗೆ ಸಿಕ್ಕಿತೆಂದುಕೊಂಡ ಕ್ಷಮೆ ಎಂದೂ ಯಾರೂ ಕೇಳಿರಲೇ ಇಲ್ಲ. ತಾನು ಮಾತ್ರ ಮನೆಮಂದಿಯೆಲ್ಲರ ಮುಂದೆ ಅತ್ತಾಗಿದೆ. ಹಾಗೆಂದು ಮತ್ತೆ ಮುನಿಸಿಕೊಳ್ಳುವ ಹಾಗಿಲ್ಲ, ಮದುವೆಯ ಪತ್ರಿಕೆ ಹಂಚಿ ಆಗಿದೆ. ಬಂದ ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ಲ.

ಅತ್ತಿಯನ್ನು ಕರೆದರು. ಅವಳ ಬೆರಳುಗಳು ಮಿಶ್ರಿಯಿಂದ ಕಪ್ಪಾಗಿದ್ದವು. ಅಪ್ಪ ಟ್ಯೂಷನ್ನಿನ ದನಿಯಲ್ಲೇ ಹೇಳಿದ: "ಅಕ್ಕಾ, ನಡುವ ಇರೂದು ಎರಡೂ ಕಡೆ ಒಂದ ಆಗಿರಬೇಕು. ನೀ ಇಲ್ಲೊಂದು ಹೇಳಿದಿ, ಅಲ್ಲೊಂದು ಹೇಳಿದಿ. ಸಿಹಿ ಸುಳ್ಳ ಹೇಳಿದಾಕಿ ಕಹಿ ಸುಳ್ಳ ಹೇಳಿರೂದಿಲ್ಲಂತ ಹೆಂಗ ನಂಬೂದು?" ದೊಡ್ಡಪ್ಪ ಆ ದಾರ ಹಿಡಿದ. "ಅದಕ್ಕ ನೋಡು, ಇಷ್ಟ ವರ್ಷ ನಮ್ಮ ಸಿಟ್ಟ ಇಳೀಲಿಲ್ಲ." ನಾನು ಎದ್ದು ನಿಂತೆ. ಅತ್ತಿ ಒಂದೂ ಬೈಗುಳ ಹೇಳಿಲ್ಲ, ನಾನು ಇಲ್ಲೇ ಕುಳಿತು ಕೇಳಿದ್ದೇನೆ, ನೀವಿಬ್ಬರೂ ಅಂದದ್ದು ಇಂಥಿಂಥದು ಎಂದು ಸೈಕಲ್ಲು ಗಟಾರ ಎಲ್ಲ ಒದರಿದೆ. ಅಪ್ಪ ನನ್ನ ಕಡೆ ನೋಡದೆ, "ಸಣ್ಣವರು ದೊಡ್ಡವರ ಮಾತಿನಾಗ ಬರಬಾರದು" ಎಂದ. ಅವ್ವ ನನ್ನ ರಟ್ಟೆ ಹಿಡಿದು ಹೊರಗೆ ಎಳೆದಳು. ಬಾಗಿಲು ದಾಟುವಾಗ ಅತ್ತಿ ಅಂದದ್ದು ಕೇಳಿಸಿತು: "ಆತು ಬಿಡ್ರಿ. ಕೂಡಿದ್ರಲ್ಲ."

ಆ ಸಂಜೆ ನಮ್ಮ ಮನೆ ಒಂದು ತೀರ್ಮಾನಕ್ಕೆ ಬಂತು. ಅಣ್ಣತಮ್ಮಂದಿರನ್ನು ಇಷ್ಟು ವರ್ಷ ಬೇರೆ ಇಟ್ಟವಳು ಶೇವಂತಿ. ಯಾರೂ ಹಾಗೆಂದು ಡಂಗುರ ಸಾರಲಿಲ್ಲ, ಆದರೆ ಎಲ್ಲರಿಗೂ ಅದು ಅನುಕೂಲವಾಗಿತ್ತು. ಅಪ್ಪನ ತಪ್ಪೂ ಉಳಿಯಲಿಲ್ಲ, ದೊಡ್ಡಪ್ಪನ ತಪ್ಪೂ ಉಳಿಯಲಿಲ್ಲ. ದೊಡ್ಡವ್ವ ಬಾವಿಕಟ್ಟೆಯಲ್ಲಿ ಹೇಳಿದಳು, ಅವ್ವ ಬೀಗರ ಹತ್ತಿರ ಹೇಳಿದಳು. ತರ್ಕ ಕಲಿಸುವ ಅಪ್ಪನಿಗೆ ಅದರ ಪೊಳ್ಳು ಕಾಣಲಿಲ್ಲವೆಂದು ನಾನು ನಂಬಲಾರೆ. ಅಜ್ಜ ಸತ್ತಾಗ ಅಳುವ ಅಣ್ಣನನ್ನೂ ಬಿಡದೆ ತಿದ್ದಿದವನು ಇಲ್ಲಿ ಬಾಯಿ ಮುಚ್ಚಿಕೊಂಡ. ನನಗೆ ಅಪ್ಪನೆಂದರೆ ಜೀವ. ಅದಕ್ಕೇ ಈ ನಾಚಿಕೆ ಇಷ್ಟು ವರ್ಷವಾದರೂ ಮಾಸಿಲ್ಲ. ಬೇರೆಯವರ ಅಪ್ಪ ಹೀಗೆ ಮಾಡಿದ್ದರೆ ಬೈದು ಮರೆತುಬಿಡುತ್ತಿದ್ದೆ.

ಮದುವೆಯ ಸಾಮಾನು ಇಡಲು ಜಾಗ ಬೇಕೆಂದು ಅತ್ತಿಯ ಟ್ರಂಕನ್ನು ನಡುಮನೆಯಿಂದ ವಖಾರಿಯ ಅಟ್ಟಕ್ಕೆ ಸಾಗಿಸಿದರು. ಮದುವೆಯ ದಿನ ಮನೆಯವರ ಫೋಟೋ ತೆಗೆಯುವಾಗ ಅವಳು ಅಡುಗೆಯ ಚಪ್ಪರದಲ್ಲಿದ್ದಳು. "ಆತ್ಯಾನ್ನ ಕರೀರಿ" ಎಂದು ಸುರೇಖಾ ಎರಡು ಸಲ ಅಂದಳು, ಯಾರೋ "ಆಮ್ಯಾಲ, ಆಮ್ಯಾಲ" ಎಂದರು. ಆ ಫೋಟೋ ಈಗಲೂ ಗೋಡೆಯ ಮೇಲಿದೆ, ಅಪ್ಪ ಮತ್ತು ದೊಡ್ಡಪ್ಪ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದಾರೆ. ಮದುವೆ ಮುಗಿದ ಮೇಲೆ ಗೋಡೆಗಳನ್ನು ಒಡೆಯುವ ಮಾತು ಬಂತು. ಅತ್ತಿ ಎಲ್ಲಿ ಮಲಗಬೇಕು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಆ ಕಡೆಯವರು ಅವಳು ಈ ಕಡೆ ಇರುತ್ತಾಳೆ ಎಂದುಕೊಂಡರು, ಈ ಕಡೆಯವರು ಆ ಕಡೆ ಎಂದುಕೊಂಡರು. ಮುಗಳಖೋಡದಲ್ಲಿ ಅವಳ ಸವತಿ ಹಾ‌ಸಿಗೆ ಹಿಡಿದಿದ್ದಾಳೆಂದೂ ನೋಡಿಕೊಳ್ಳಲು ಹೆಣ್ಣುಜೀವ ಬೇಕೆಂದೂ ಸುದ್ದಿ ಬಂದಿತ್ತು. ಅತ್ತಿ ಹೊರಟಳು. ಬೇಡವೆಂದು ಯಾರೂ ತಡೆಯಲಿಲ್ಲ.

ಹೊರಡುವ ಬೆಳಗ್ಗೆ ಅವಳು ದೊಡ್ಡಪ್ಪನ ಬಾಗಿಲಿಗೆ ಹೋಗಿ ಹೇಳಿ ಬಂದು, ಆ ಬಾಗಿಲು ಮುಚ್ಚಿ ಅಗುಳಿ ಹಾಕಿ, ಆಮೇಲೆ ನಮ್ಮ ಬಾಗಿಲು ತೆರೆದಳು. ಈಗ ಆ ನೇಮದ ಅಗತ್ಯವಿರಲಿಲ್ಲ, ಕೈಗೆ ರೂಢಿಯಾಗಿತ್ತು. "ತಮ್ಮಾ, ನಿನ್ನ ಕೆಮ್ಮ ಅಣ್ಣಗ ಕೇಳಿಸ್ತಂತ. ಕಾಡಾ ಮಾಡಿಸಿಕೊಂಡ ಕುಡಿ ಅಂತ ಹೇಳಂದ" ಎಂದಳು. ದೊಡ್ಡಪ್ಪ ಆ ಹೊತ್ತಿಗಾಗಲೇ ವಖಾರಿಗೆ ಹೋಗಿದ್ದ. ಅವಳು ಹೇಳಿ ಬಂದದ್ದು ಖಾಲಿ ಪಡಸಾಲೆಗೆ ಎಂದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಪ್ಪ, "ಸಾಕ ಮಾಡ ಅಕ್ಕಾ ಇನ್ನ" ಎಂದ. ಅವಳು ನನ್ನ ಗಲ್ಲ ಮುಟ್ಟಿ ಬೆರಳನ್ನು ಮುದ್ದಿಟ್ಟುಕೊಂಡು, ಅಟ್ಟದಿಂದ ಇಳಿಸಿ ತಂದಿದ್ದ ಟ್ರಂಕು ಎತ್ತಿಕೊಂಡಳು. ನನ್ನ ಗಲ್ಲದ ಮೇಲೆ ಸಂಜೆಯ ತನಕ ಮಿಶ್ರಿಯ ವಾಸನೆಯಿತ್ತು.

ಅವಳು ಮತ್ತೆ ಬರಲಿಲ್ಲ. ಸವತಿಯ ಸೇವೆ ಮಾಡಿ, ಅವಳನ್ನು ಕಳಿಸಿ, ಕೆಲವು ವರ್ಷಗಳ ಮೇಲೆ ತಾನೂ ಹೋದಳು. ಸತ್ತ ಹೆಣ್ಣಿಗೆ ತವರಿನ ಸೀರೆ ಹೊದಿಸಬೇಕಲ್ಲ, ಅಪ್ಪ ಮತ್ತು ದೊಡ್ಡಪ್ಪ ಕೂಡಿ ಸೀರೆ ಕೊಂಡು ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತು ಹೋದರು. ದಾರಿಯುದ್ದಕ್ಕೂ ಮಾತಾಡುತ್ತ ಹೋದೆವು, ರಾಯಬಾಗ ದಾಟಿದ್ದೇ ಗೊತ್ತಾಗಲಿಲ್ಲ ಎಂದು ಅಪ್ಪ ಮನೆಗೆ ಬಂದು ಹೇಳಿದ.

ನಮ್ಮ ಕಡೆ ಮಹಾನವಮಿ ಅಮಾವಾಸ್ಯೆಗೆ ಮನೆಯ ಹಿರಿಯರಿಗೆ ಎಡೆ ಹಾಕುತ್ತಾರೆ. ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ, ಹೋಳಿಗೆ, ಕಟ್ಟಿನ ಸಾರು, ಪಕ್ಕದಲ್ಲಿ ಅವರವರ ಚಟದ ವಸ್ತು. ಕೊಟ್ಟ ಹೆಣ್ಣಿಗೆ ತವರಿನಲ್ಲಿ ಎಡೆಯಿಲ್ಲ, ಅವಳ ಎಡೆ ಗಂಡನ ಮನೆಯಲ್ಲಿ. ಮುಗಳಖೋಡದಲ್ಲಿ ಇರುವವರು ಸವತಿಯ ಮಕ್ಕಳು, ಅವರು ತಮ್ಮ ತಾಯಿಗೆ ಹಾಕುತ್ತಾರೆ. ಎರಡೂ ಮನೆಯ ಲೆಕ್ಕದಿಂದ ಅತ್ತಿ ಬಿಟ್ಟುಹೋಗಿದ್ದಳು. ಮೊನ್ನೆ ಆ ಹೊಗೆ ಬಂದ ಮನೆಯ ಹಿತ್ತಲಿಗೇ ಹೋಗಿ ನಾನು ಒಂದು ಚಿಟಿಕೆ ಮಿಶ್ರಿ ಕೇಳಿದೆ. ಹುರಿಯುತ್ತಿದ್ದ ಹೆಂಗಸು, "ನೀವೂ ಹಚ್ಚತೀರೇನ್ರಿ?" ಎಂದು ನಕ್ಕು ಕಾಗದದಲ್ಲಿ ಕಟ್ಟಿಕೊಟ್ಟಳು.

ಮನೆಯಲ್ಲಿ ಈಗ ನನ್ನ ತಮ್ಮನ ಸಂಸಾರ, ಅಪ್ಪ. ನಡುಮನೆಯಲ್ಲಿ ಟಿವಿಯೂ ಸೋಫಾವೂ ಬಂದಿವೆ, ಬೀಸುವ ಕಲ್ಲನ್ನು ಕಿತ್ತು ಹಿತ್ತಲಿಗೆ ಹಾಕಿದ್ದಾರೆ. ಅಜ್ಜ, ಅಜ್ಜಿ, ಅವ್ವ, ದೊಡ್ಡಪ್ಪ, ಎಲ್ಲರ ಎಲೆಗಳೂ ಪಡಸಾಲೆಯಲ್ಲಿ ಸಾಲಾಗಿ ಬಿದ್ದವು. ದೊಡ್ಡಪ್ಪನ ಎಲೆಯ ಪಕ್ಕದಲ್ಲಿ ಬೀಡಿಯ ಕಟ್ಟು. ನನ್ನ ಕೈಯಲ್ಲಿದ್ದ ಕಾಗದದ ವಾಸನೆ ಹಿಡಿದು ತಮ್ಮನ ಮಗಳು ಕೇಳಿದಳು: "ಅತ್ತಿ, ಅಜ್ಜಾರ ನಡುವ ಬೆಂಕಿ ಹಚ್ಚಿದ್ಲಂತಲ್ಲ ಆ ಅಜ್ಜಿ, ಆಕೀನೂ ಇದನ್ನ ಹಚ್ಚತಿದ್ಲಂತ, ಖರೇನು?" ನಾನು ಅಪ್ಪನ ಕಡೆ ನೋಡಿದೆ. ಅವನು ತನ್ನ ಕೋಣೆಯ ಮಂಚದ ಮೇಲೆ ಕುಳಿತಿದ್ದ, ಬಾಗಿಲು ತೆರೆದಿತ್ತು. ಕೇಳಿಸಿಕೊಂಡಿದ್ದ. ಬೆಂಕಿ ಹಚ್ಚಿದವಳು ಅವಳಲ್ಲ, ನಾನು ಕಣ್ಣಾರೆ ಕಂಡಿದ್ದೇನೆ, ಊಟವಾದ ಮೇಲೆ ಎಲ್ಲ ಹೇಳುತ್ತೇನೆ ಎಂದು ಮಗುವಿಗೆ ಹೇಳಿದೆ. ಅಪ್ಪನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

ಸ್ವಲ್ಪ ಹೊತ್ತಿಗೆ ಅಪ್ಪ ನನ್ನನ್ನು ಕರೆದ. "ಸುಮಾ, ಇನ್ನೊಂದ ಎಲಿ ಐತೇನು?"

"ಐತಿ."

"ನಡುಮನ್ಯಾಗ ಹಚ್ಚು."

"ನೀನ ಬಾ ಅಪ್ಪಾ. ನಿನ್ನ ಕೈಯಾರೆ ಹಚ್ಚು."

"ನನಗ ಆಗೂದಿಲ್ಲ. ನೀ ಹೋಗು. ಅಕ್ಕಗ ಹೇಳು."

"ಏನಂತ ಹೇಳ್ಲಿ?"

ಜೀವಮಾನವೆಲ್ಲ ಮಾತನ್ನೇ ತೂಗಿ ಬದುಕಿದ ಮನುಷ್ಯ ಎಷ್ಟೋ ಹೊತ್ತು ತುಟಿ ಅಲ್ಲಾಡಿಸಿದ. ಕೊನೆಗೆ, "ನಿನಗ ಹೆಂಗ ಹೊಂದತೈತೋ ಹಂಗ ಹೇಳು" ಎಂದು ಗೋಡೆಯ ಕಡೆ ತಿರುಗಿದ.

ನನಗೆ ಸಿಟ್ಟು ಬಂತು. ಈಗಲೂ ಇನ್ನೊಬ್ಬರ ಬಾಯೇ ಬೇಕು ಇವನಿಗೆ. ಆದರೂ ಎಲೆ ತೆಗೆದುಕೊಂಡು ಹೋದೆ. ಬೀಸುವ ಕಲ್ಲು ಇದ್ದ ಜಾಗದಲ್ಲಿ ಈಗ ಸೋಫಾದ ಕಾಲಿದೆ. ಅದನ್ನು ಸರಿಸಿ ಎಲೆ ಹಾಸಿ ಬಡಿಸಿದೆ, ಪಕ್ಕದಲ್ಲಿ ಮಿಶ್ರಿಯ ಕಾಗದ ಬಿಚ್ಚಿಟ್ಟೆ. ಅಪ್ಪನ ಕೋಣೆಯ ಬಾಗಿಲು ಮುಚ್ಚಿ ಅಗುಳಿ ಹಾಕಿದೆ. ಒಂದು ಕ್ಷಣ ನಿಂತೆ. "ಅತ್ತಿ, ಅಪ್ಪ ಭಾಳ ಅತ್ತ. ಅಕ್ಕಂದು ತಪ್ಪ ಇರಲಿಲ್ಲ, ನಂದ ಇತ್ತು ಅಂತ ಹೇಳು ಅಂದ" ಎಂದೆ. ಅಪ್ಪ ಅತ್ತಿರಲಿಲ್ಲ. ಹಾಗೆ ಅಂದಿರಲೂ ಇಲ್ಲ.

ಅಗುಳಿ ತೆಗೆದು ಒಳಗೆ ಹೋದೆ. ಅಪ್ಪ ಗೋಡೆಯ ಕಡೆಯೇ ಮುಖ ಮಾಡಿಕೊಂಡಿದ್ದ. "ಏನಂದ್ಲು?" ಎಂದು ಕೇಳಿದ.

"ಆತು ಬಿಡು ಅಂದ್ಲು. ಉಣ್ಣಾಕ ಏಳಂತ."

ಅಪ್ಪ "ಹೂಂ" ಎಂದ. ಮಂಚದಿಂದಿಳಿದು, ನನ್ನ ಮುಖ ನೋಡದೆ, ಕೈ ತೊಳೆಯಲು ಹೋದ. ನಾನೂ ಅವನ ಮುಖ ನೋಡಲಿಲ್ಲ.